ಹಿಂಜರಿಯುವ ನಾಯಕನ ಕಥೆ ಓದುಗರಿಗೆ ಏಕೆ ತಟ್ಟುವುದಿಲ್ಲ?

ಪ್ರಶ್ನೆ: ನಾನೊಂದು ಸಣ್ಣಕಥೆ ಬರೆದಿದ್ದೇನೆ. ನಾಯಕನಿಗೆ ನಲವತ್ತು ದಾಟಿದೆ, ಒಂಟಿ. ಅದೇ ಕಚೇರಿಯ ಒಬ್ಬಾಕೆ ಮೂರು ವರ್ಷದಿಂದ ದಿನಾ ಸಂಜೆ ಅವನ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಹೋಗುತ್ತಾಳೆ. ಒಂದು ದಿನ ಆಕೆಗೆ ಬೇರೆ ಊರಿಗೆ ವರ್ಗವಾಗುತ್ತದೆ. "ಹೋಗಲೋ ಬೇಡವೋ?" ಎಂದು ಅವನನ್ನೇ ಕೇಳುತ್ತಾಳೆ. ಅವನು "ಯಾವ ತಾರೀಖಿನಿಂದ?" ಎಂದು ಕೇಳಿ, ಆಮೇಲೆ "ಒಳ್ಳೆಯ ಅವಕಾಶ, ಬಿಡಬೇಡಿ" ಎನ್ನುತ್ತಾನೆ. ಆಕೆ ಹೋಗುತ್ತಾಳೆ. ನಡುವೆ ಎರಡು ಪುಟ ಅವನ ಬಾಲ್ಯ ಬರುತ್ತದೆ, ಅಪ್ಪ ಮನೆ ಬಿಟ್ಟು ಹೋದದ್ದು. ಕೊನೆಯ ಸಾಲು: "ತಾನು ಅವಳನ್ನು ಪ್ರೀತಿಸುತ್ತಿದ್ದೆ ಎಂದು ಆ ಕ್ಷಣದಲ್ಲಿ ಅವನಿಗೆ ಅರಿವಾಯಿತು." ಓದಿದ ಗೆಳೆಯರು ನಾಯಕ ಕಲ್ಲಿನ ಹಾಗಿದ್ದಾನೆ, ಕೊನೆಯನ್ನು ನಂಬಲಾಗಲಿಲ್ಲ ಎಂದರು. ಏನೂ ಮಾಡದ, ಏನೂ ಹೇಳದ ಮನುಷ್ಯನ ಬಗ್ಗೆ ಕಥೆ ಬರೆಯುವುದು ಹೇಗೆ?

ಉತ್ತರ: ನಿಮ್ಮ ಕಥೆಯ ಅತ್ಯುತ್ತಮ ಸಾಲು ಅದರಲ್ಲಿ ಆಗಲೇ ಇದೆ. "ಯಾವ ತಾರೀಖಿನಿಂದ?" ಅನ್ನುವುದೇ ಅದು. ಆಕೆ ಕೇಳಿದ್ದು ಹೋಗಲೋ ಬೇಡವೋ ಎಂದು. ಅವನು ಅದಕ್ಕೆ ಉತ್ತರ ಕೊಡದೆ ತಾರೀಖು ಕೇಳಿದ. ಅವನು ಎಂಥವನು, ಎಷ್ಟು ಹೆದರಿದ್ದಾನೆ, ಎಷ್ಟು ಬೇಗ ತಪ್ಪಿಸಿಕೊಳ್ಳುತ್ತಾನೆ, ಎಲ್ಲವೂ ಆ ಎರಡು ಪದಗಳಲ್ಲಿದೆ. ನಿಮ್ಮ ಗೆಳೆಯರು ಆ ಸಾಲನ್ನು ಗಮನಿಸದೆ ದಾಟಿದ್ದರೆ ಅದಕ್ಕೆ ಕಾರಣ ಅದರ ಸುತ್ತಲಿನ ಪುಟಗಳು.

ಏನೂ ಮಾಡದ ಮನುಷ್ಯ ಎಂದಿರಲ್ಲ, ನನ್ನ ತಕರಾರು ಅಲ್ಲಿಂದಲೇ ಶುರು. ಹಿಂಜರಿಯುವವನು ಸುಮ್ನೆ ಕೂತಿರುವುದಿಲ್ಲ. ಪ್ರೀತಿಯನ್ನು ಒಳಗೆ ತಡೆದಿಡುವುದು ದಿನವಿಡೀ ನಡೆಯುವ ದುಡಿಮೆ. ಆ ದುಡಿಮೆಯನ್ನು ತೋರಿಸಿದರೆ ಕಥೆ ತಾನಾಗಿ ನಡೆಯುತ್ತದೆ. ತೋರಿಸದಿದ್ದರೆ ಓದುಗರಿಗೆ ಕಾಣುವುದು ಬರೀ ಕಲ್ಲು.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಪುರಾವೆ ಇದೆ. ಮೇರಿ ಏನ್ಸ್‌ವರ್ತ್ ಎಂಬ ಸಂಶೋಧಕಿ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ತಾಯಿಯ ಜೊತೆ ಒಂದು ಕೋಣೆಗೆ ಕರೆಸುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಾಯಿ ಎದ್ದು ಹೊರಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಹೆಚ್ಚಿನ ಮಕ್ಕಳು ತಾಯಿ ಬಂದಾಗ ಅವಳ ಹತ್ತಿರ ಹೋಗುತ್ತವೆ. ಕೆಲವು ಮಕ್ಕಳು ಮಾತ್ರ ಬೇರೆ ಥರ. ತಾಯಿ ಹೋದಾಗ ಅಳುವುದಿಲ್ಲ. ಬಂದಾಗ ಅವಳ ಕಡೆ ನೋಡುವುದಿಲ್ಲ. ಆಟಿಕೆ ಹಿಡಿದು ಆಡುತ್ತಲೇ ಇರುತ್ತವೆ. ನೋಡಿದವರಿಗೆ ಈ ಮಗುವಿಗೆ ತಾಯಿಯ ಚಿಂತೆಯೇ ಇಲ್ಲ ಅನ್ನಿಸಬೇಕು. ಆದರೆ ಆಲನ್ ಸ್ರೂಫ್ ಮತ್ತು ಎವರೆಟ್ ವಾಟರ್ಸ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಮಕ್ಕಳ ಎದೆಬಡಿತದ ಲೆಕ್ಕವಿತ್ತು. ಮೇಲೆ ಶಾಂತವಾಗಿದ್ದ ಆ ಮಕ್ಕಳ ಎದೆಬಡಿತ ಏರಿತ್ತು.

ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ನೀವು ಎದೆಬಡಿತವನ್ನು ಬರೆಯಬೇಕಿಲ್ಲ. ಅವನ ಕೈಯಲ್ಲಿರುವ ಆಟಿಕೆ ಯಾವುದು ಎಂದು ಹುಡುಕಿ, ಅದನ್ನು ಬರೆಯಿರಿ. ನಿಮ್ಮ ನಾಯಕನ ಆಟಿಕೆ ಲೆಕ್ಕ. ತಾರೀಖು ಕೇಳಿದನಲ್ಲ, ಅದರ ಜಾಡು ಹಿಡಿಯೋಣ. ಆ ಮಾತಿನ ನಂತರ ನೀವು "ಅವನ ಮನಸ್ಸು ಕಳವಳಗೊಂಡಿತು" ಎಂದೇನಾದರೂ ಬರೆದಿದ್ದರೆ ಅದನ್ನು ತೆಗೆದುಬಿಡಿ. ಬದಲಿಗೆ ಹೀಗೆ ಬರೆದು ನೋಡಿ:

"ಯಾವ ತಾರೀಖಿನಿಂದ?"

"ಒಂದನೇ ತಾರೀಖಿಗೆ ಅಲ್ಲಿರಬೇಕು."

ಅವನು ಲೆಕ್ಕ ಹಾಕಿದ. ಇನ್ನು ಹತ್ತೊಂಬತ್ತು ದಿನ. ಅದರಲ್ಲಿ ಭಾನುವಾರ ಮೂರು. ಹದಿನಾರು.

"ಹಾಗಾದ್ರೆ ಈ ತಿಂಗಳ ಲೆಕ್ಕಪತ್ರ ಮುಗಿಸಿಕೊಂಡೇ ಹೋಗಬಹುದು," ಎಂದ. "ಒಳ್ಳೆಯ ಅವಕಾಶ. ಬಿಡಬೇಡಿ."

ಇಲ್ಲಿ ಪ್ರೀತಿಯ ಸುದ್ದಿಯೇ ಇಲ್ಲ. ಆದರೆ ಭಾನುವಾರಗಳನ್ನು ಕಳೆದದ್ದು ಯಾಕೆ ಎಂದು ಓದುಗರು ಒಂದು ಕ್ಷಣ ಯೋಚಿಸುತ್ತಾರೆ. ಭಾನುವಾರ ಕಚೇರಿ ಇಲ್ಲ, ಬಸ್ ನಿಲ್ದಾಣದವರೆಗಿನ ನಡಿಗೆ ಇಲ್ಲ. ಅವನು ಎಣಿಸಿದ್ದು ಆಕೆಯ ಜೊತೆ ಉಳಿದ ಸಂಜೆಗಳನ್ನು. ಅವನಿಗೆ ಅದು ಗೊತ್ತಿಲ್ಲ, ಬರೀ ಕೆಲಸದ ಲೆಕ್ಕ ಹಾಕಿದೆ ಅಂದುಕೊಂಡಿದ್ದಾನೆ. ಓದುಗರಿಗೆ ಗೊತ್ತಾಯಿತು. ಈ ಅಂತರವೇ ನಿಮ್ಮ ಕಥೆಯ ಜೀವ. ನಾಯಕನಿಗಿಂತ ಮೊದಲು ಓದುಗರಿಗೆ ಗೊತ್ತಾಗಬೇಕು. ನೀವು ಬರೆದಿರುವ ರೀತಿಯಲ್ಲಿ ಇಬ್ಬರಿಗೂ ಕೊನೆಯ ಸಾಲಿನಲ್ಲಿ ಒಟ್ಟಿಗೇ ಗೊತ್ತಾಗುತ್ತದೆ. ಅದಕ್ಕೇ ಗೆಳೆಯರಿಗೆ ಆ ಸಾಲು ಮೇಲಿನಿಂದ ತಂದು ಅಂಟಿಸಿದ ಹಾಗೆ ಕಂಡಿದೆ.

ಮುಂದಿನ ಪ್ರಶ್ನೆ ಇನ್ನೂ ಮುಖ್ಯ. ಅವನು ತನಗೆ ತಾನು ಏನು ಹೇಳಿಕೊಳ್ಳುತ್ತಾನೆ? ನಿಮ್ಮ ಕಥೆಯಲ್ಲಿ ಅವನು ಏನೂ ಹೇಳಿಕೊಳ್ಳುವುದಿಲ್ಲ. ಇದು ನಿಜ ಜೀವನಕ್ಕೆ ದೂರ. ಮನುಷ್ಯ ತನ್ನ ನಡವಳಿಕೆಗೆ ಕಾರಣ ಕೊಡದೆ ಇರಲಾರ. ಕಾರಣ ಗೊತ್ತಿಲ್ಲದಿದ್ದರೂ ಕೊಡುತ್ತಾನೆ, ಅದನ್ನು ಮನಃಪೂರ್ವಕ ನಂಬುತ್ತಾನೆ. ರಿಚರ್ಡ್ ನಿಸ್‌ಬೆಟ್ ಮತ್ತು ತಿಮೊತಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಒಂದು ಹೆಸರಾಂತ ಲೇಖನದಲ್ಲಿ ಇದರ ಉದಾಹರಣೆ ಇದೆ. ಒಂದು ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಇಟ್ಟು, ಯಾವುದು ಚೆನ್ನಾಗಿದೆ ಎಂದು ಜನರನ್ನು ಕೇಳಿದರು. ನಾಲ್ಕೂ ಒಂದೇ ಥರದವು. ಜಾಸ್ತಿ ಜನ ಆರಿಸಿದ್ದು ಬಲತುದಿಯಲ್ಲಿದ್ದದ್ದನ್ನು. ಕಾರಣ ಕೇಳಿದರೆ ನೇಯ್ಗೆ, ನವಿರು ಎಂದೆಲ್ಲ ಹೇಳಿದರು. ಇಟ್ಟ ಜಾಗದಿಂದ ಹಾಗೆ ಅನ್ನಿಸಿರಬಹುದೇ ಎಂದರೆ ಒಪ್ಪಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ತಮ್ಮ ಮನಸ್ಸಿನ ಕೆಲಸ ತಮಗೆ ಕಾಣುತ್ತದೆ ಎಂದು ನಂಬಿದ್ದರು, ಅಷ್ಟೆ.

ಕಾಲುಚೀಲದ ವಿಷಯದಲ್ಲೇ ಹೀಗಾದರೆ ಪ್ರೀತಿಯ ವಿಷಯದಲ್ಲಿ ಹೇಗಿರಬಹುದು! ಹಾಗಾಗಿ ನಿಮ್ಮ ನಾಯಕನಿಗೆ ಕಾರಣಗಳನ್ನು ಕೊಡಿ. ಬಡಕಲು ಕಾರಣಗಳು ಬೇಡ. ಓದುಗರೂ ತಲೆಯಾಡಿಸುವಂಥ, ಮರ್ಯಾದೆಯ ಕಾರಣಗಳು ಬೇಕು. ಆಕೆಯ ಬೆಳವಣಿಗೆಗೆ ನಾನು ಅಡ್ಡ ಬರಬಾರದು. ಈ ವಯಸ್ಸಿನಲ್ಲಿ ಇದೆಲ್ಲ ಆಕೆಗೆ ಮುಜುಗರ. ನಾನು ಏನಾದರೂ ಹೇಳಿ, ಆಕೆಯ ಮನಸ್ಸಿನಲ್ಲಿ ಹಾಗೇನೂ ಇಲ್ಲದಿದ್ದರೆ, ಇರುವ ಸ್ನೇಹವೂ ಹೋಗುತ್ತದೆ.

ಆಂಟನ್ ಚೆಕಾಫ್ 1898ರಲ್ಲಿ ಪ್ರಕಟಿಸಿದ 'ಪ್ರೀತಿಯ ಬಗ್ಗೆ' ಎಂಬ ಕಥೆಯಲ್ಲಿ ಮಾಡಿದ್ದು ಇದನ್ನೇ. ಅಲ್ಯೋಹಿನ್ ಎಂಬ ಜಮೀನುದಾರ ಗೆಳೆಯನ ಹೆಂಡತಿ ಆನ್ನಾಳನ್ನು ವರ್ಷಗಟ್ಟಲೆ ಪ್ರೀತಿಸುತ್ತಾನೆ, ಬಾಯಿ ಬಿಡುವುದಿಲ್ಲ. ಅವಳ ಗಂಡ ಒಳ್ಳೆಯವನು, ಮಕ್ಕಳಿದ್ದಾರೆ, ಅವಳಿಗೆ ನಾನು ಯಾವ ಬದುಕು ಕೊಡಬಲ್ಲೆ ಎಂದು ಯೋಚಿಸುತ್ತಾನೆ. ಒಂದೊಂದು ಕಾರಣವೂ ಗೌರವದ್ದೇ. ಓದುತ್ತ ನಾವೂ ಹೌದಲ್ವಾ ಅನ್ನುತ್ತೇವೆ. ಕೊನೆಗೆ ಅವಳು ಊರು ಬಿಟ್ಟು ಹೊರಟಾಗ ರೈಲಿನ ಡಬ್ಬಿಯಲ್ಲಿ ಇಬ್ಬರೂ ಅಳುತ್ತಾರೆ, ಅವನು ಪ್ರೀತಿಯನ್ನು ಹೇಳಿಕೊಳ್ಳುತ್ತಾನೆ. ತಮ್ಮನ್ನು ತಡೆದದ್ದೆಲ್ಲ ಎಷ್ಟು ಕ್ಷುಲ್ಲಕವಾಗಿತ್ತು ಎಂದು ಆಗ ಅವನಿಗೆ ತಿಳಿಯುತ್ತದೆ. ಆ ತಿಳಿವು ನಮ್ಮನ್ನು ಯಾಕೆ ತಾಗುತ್ತದೆ ಗೊತ್ತಾ? ಆ ಕಾರಣಗಳಿಗೆ ನಾವೂ ಸಹಿ ಹಾಕಿದ್ದೆವು. ಅವನ ಜೊತೆ ನಾವೂ ಮೋಸ ಹೋಗಿದ್ದೇವೆ. ನಿಮ್ಮ ಓದುಗರು ಎಲ್ಲಿಯೂ ಮೋಸ ಹೋಗುವುದಿಲ್ಲ, ಹೊರಗೆ ನಿಂತು ನೋಡುತ್ತಾರೆ.

ಬಾಲ್ಯದ ಎರಡು ಪುಟಗಳನ್ನು ತೆಗೆದುಬಿಡಿ ಎಂದೇ ನನ್ನ ಸಲಹೆ. ಅಪ್ಪ ಬಿಟ್ಟು ಹೋದ, ಹಾಗಾಗಿ ಮಗನಿಗೆ ಯಾರನ್ನೂ ನಂಬಲಾಗುವುದಿಲ್ಲ ಎಂಬ ಲೆಕ್ಕ ತಪ್ಪೇನಲ್ಲ, ಬದುಕಿನಲ್ಲಿ ಹಾಗೆ ಆಗುವುದುಂಟು. ಆದರೆ ಕಥೆಯಲ್ಲಿ ಆ ಉತ್ತರ ಸಿಕ್ಕಿದ ಕೂಡಲೇ ಓದುಗರು ಹುಡುಕುವುದನ್ನು ನಿಲ್ಲಿಸುತ್ತಾರೆ. ಮನುಷ್ಯ ಒಂದು ಪ್ರಕರಣವಾಗಿಬಿಡುತ್ತಾನೆ. ಚೆಕಾಫ್ ಅವರದೇ ಇನ್ನೊಂದು ಕಥೆ 'ವೇರಾಚ್ಕಾ', 1887ರದು. ಒಗ್ನೆವ್ ಎಂಬ ಯುವಕ ಕೆಲಸ ಮುಗಿಸಿ ಊರು ಬಿಡುವ ರಾತ್ರಿ, ಅವನನ್ನು ಕಳಿಸಲು ಬಂದ ವೇರಾ ದಾರಿಯಲ್ಲಿ ತನ್ನ ಪ್ರೀತಿಯನ್ನು ಹೇಳುತ್ತಾಳೆ. ಅವನಿಗೆ ಅವಳೆಂದರೆ ಇಷ್ಟ, ಕರುಣೆಯೂ ಇದೆ. ಆದರೆ ಒಳಗೆ ಏನೂ ಅಲುಗುವುದಿಲ್ಲ. ಆಮೇಲೆ ಒಬ್ಬನೇ ನಿಂತು ಈ ತಣ್ಣಗಿನ ಮನಸ್ಸಿಗೆ ಕಾರಣ ಹುಡುಕುತ್ತಾನೆ. ಅದು ಹೊರಗಿಲ್ಲ, ತನ್ನೊಳಗೇ ಇದೆ ಎಂಬಲ್ಲಿಗೆ ಬರುತ್ತಾನೆ. ಅದು ಹೇಗೆ ಬಂತು ಎಂಬುದಕ್ಕೆ ಚೆಕಾಫ್ ಬಾಲ್ಯದ ಯಾವ ಘಟನೆಯನ್ನೂ ಮುಂದಿಡುವುದಿಲ್ಲ. ಒಗ್ನೆವ್ ಕೋಣೆಗೆ ಹೋಗಿ ಹಾಸಿಗೆಯ ಮೇಲೆ ತುಂಬಾ ಹೊತ್ತು ಕೂತು, ತಲೆ ಕೊಡವಿ, ಸಾಮಾನು ಕಟ್ಟಲು ಶುರು ಮಾಡುತ್ತಾನೆ. ಕಥೆ ಮುಗಿಯಿತು. ತನ್ನ ಬಗ್ಗೆ ಇಷ್ಟು ದೊಡ್ಡ ಸತ್ಯ ತಿಳಿದ ಮೇಲೂ ಅವನು ಮಾಡಿದ್ದು ಗಂಟುಮೂಟೆ ಕಟ್ಟುವ ಕೆಲಸ. ತಿಳಿದ ಮಾತ್ರಕ್ಕೆ ಮನುಷ್ಯ ಬದಲಾಗುತ್ತಾನೆ ಎಂಬ ನಂಬಿಕೆಯನ್ನು ಆ ಕಥೆ ಎಷ್ಟು ಮೆಲ್ಲಗೆ ಮುರಿಯುತ್ತದೆ ನೋಡಿ. ನನಗೆ ಅದು ಇಂದಿಗೂ ನೋವು ಕೊಡುವ ಕಥೆ.

ಒಗ್ನೆವ್ ಮತ್ತು ಅಲ್ಯೋಹಿನ್ ಒಂದೇ ಜಾತಿಯವರಲ್ಲ ಎಂಬುದನ್ನೂ ಗಮನಿಸಿ. ಒಬ್ಬನಿಗೆ ಪ್ರೀತಿಯೇ ಹುಟ್ಟುವುದಿಲ್ಲ. ಇನ್ನೊಬ್ಬನಿಗೆ ಪ್ರೀತಿ ತುಂಬಿದೆ, ಹೆಜ್ಜೆ ಏಳುವುದಿಲ್ಲ. ಕಿಮ್ ಬಾರ್ತಲೋಮ್ಯೂ ಮತ್ತು ಲಿಯೊನಾರ್ಡ್ ಹೊರೊವಿಟ್ಜ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ದೊಡ್ಡವರ ಸಂಬಂಧಗಳ ಬಗ್ಗೆ ಬರೆದಾಗ, ದೂರ ಉಳಿಯುವವರಲ್ಲೂ ಎರಡು ಬಗೆ ಮಾಡಿದರು. ನನಗೆ ಯಾರೂ ಬೇಕಾಗಿಲ್ಲ, ನಾನೊಬ್ಬನೇ ಸಾಕು ಎನ್ನುವವರು ಒಂದು ಬಗೆ. ಬೇಕು, ಆದರೆ ಹತ್ತಿರ ಹೋದರೆ ನೋವಾಗುತ್ತದೆ ಎಂದು ಹೆದರುವವರು ಇನ್ನೊಂದು ಬಗೆ. ಈ ಹಣೆಪಟ್ಟಿಗಳನ್ನು ಕಥೆಯೊಳಗೆ ತರಬೇಡಿ. ಆದರೆ ಬರೆಯುವ ಮೊದಲು ನಿಮ್ಮ ನಾಯಕ ಯಾವ ಬಗೆ ಎಂದು ನೀವು ತೀರ್ಮಾನಿಸಿರಬೇಕು, ಯಾಕೆಂದರೆ ಇಬ್ಬರ ನಡವಳಿಕೆ ಬೇರೆ. ಮೊದಲನೆಯವನು ಒಂದೇ ಅಳತೆಯ ದೂರ ಕಾಯುತ್ತಾನೆ. ಎರಡನೆಯವನು ಹತ್ತಿರ ಬಂದು, ಬೆಚ್ಚಿ, ಹಿಂದೆ ಸರಿಯುತ್ತಾನೆ. ಒಂದು ಸಂಜೆ ಜಾಸ್ತಿ ಮಾತಾಡಿದರೆ ಮರುದಿನ ಕೆಲಸದ ನೆಪ ಹೇಳಿ ಬೇರೆ ದಾರಿ ಹಿಡಿಯುತ್ತಾನೆ. ಸಂಜೆಗಳನ್ನು ಎಣಿಸುವ ನಿಮ್ಮವನು ಎರಡನೆಯ ಬಗೆಯವನು ಎಂದು ನನಗೆ ಅನ್ನಿಸುತ್ತದೆ. ಹಾಗಿದ್ದರೆ ಮೂರು ವರ್ಷದ ನಡಿಗೆಯಲ್ಲಿ ಅವನು ತಪ್ಪಿಸಿಕೊಂಡ ಒಂದೆರಡು ಸಂಜೆಗಳೂ ಕಥೆಯಲ್ಲಿರಲಿ. ಅದರ ಹಿಂದಿನ ದಿನ ಏನಾಗಿತ್ತು ಎಂಬುದನ್ನು ಪಕ್ಕದಲ್ಲೇ ಇಡಿ, ನಂಟು ಹಾಕುವ ಕೆಲಸ ಓದುಗರಿಗೆ ಬಿಡಿ.

ಕನ್ನಡದಲ್ಲಿ ಬರೆಯುವ ನಮಗೆ ಇಂಥ ಕಥೆಗೆ ಒಂದು ಅನುಕೂಲ ಇದೆ. ಇವರಿಬ್ಬರೂ ಮೂರು ವರ್ಷ 'ನೀವು' ಎಂದೇ ಮಾತಾಡಿದ್ದಾರೆ. ಒಂದೇ ಒಂದು ಸಲ ಆಕೆಯ ಬಾಯಿಂದ 'ನೀನು' ಬಂದುಬಿಡಲಿ, ರಸ್ತೆ ದಾಟುವಾಗ ಗಾಬರಿಯಲ್ಲಿ "ಏ, ನೋಡ್ಕೊಂಡು ಬಾ" ಎಂದುಬಿಡಲಿ. ಅವನು ಅದಕ್ಕೆ "ನೋಡಿದೆ, ನೀವು ಬನ್ನಿ" ಎನ್ನಲಿ. ಬಾಗಿಲು ತೆರೆದದ್ದೂ ಮುಚ್ಚಿದ್ದೂ ಅಷ್ಟರಲ್ಲೇ ಆಯಿತು. ನೀವು ಇದರ ಮೇಲೆ ಒಂದು ಸಾಲಿನ ವಿವರಣೆಯನ್ನೂ ಬರೆಯಬಾರದು.

ಈಗ ಕೊನೆಯ ಸಾಲಿಗೆ ಬರೋಣ. ಅರಿವು ಬಂದೊಡನೆ ಅದಕ್ಕೆ ಸರಿಯಾದ ಹೆಸರೂ ಜೊತೆಯಲ್ಲೇ ಬರುವುದು ಅಪರೂಪ. ಮೊದಲು ಬರುವುದು ತಪ್ಪು ಭಾವನೆ. ಸಿಟ್ಟು ಬರಬಹುದು, ಅಸಹ್ಯ ಆಗಬಹುದು, ಯಾವುದೋ ಸಣ್ಣ ವಿಷಯಕ್ಕೆ ಹಟ ಬರಬಹುದು. ಜೇಮ್ಸ್ ಜಾಯ್ಸ್ 1914ರಲ್ಲಿ ಹೊರತಂದ 'ಡಬ್ಲಿನರ್ಸ್' ಸಂಕಲನದಲ್ಲಿ 'ಎ ಪೇನ್‌ಫುಲ್ ಕೇಸ್' ಎಂಬ ಕಥೆ ಇದೆ. ಅದರ ಡಫಿ ಬ್ಯಾಂಕಿನ ನೌಕರ, ತನ್ನ ದೇಹದಿಂದಲೇ ತುಸು ದೂರ ಬದುಕುವ ಮನುಷ್ಯ. ಆಗಾಗ ತನ್ನ ಬಗ್ಗೆ ತಾನೇ, ಬೇರೆ ಯಾರದೋ ವಿಷಯ ಎಂಬಂತೆ, ಒಂದು ಸಣ್ಣ ವಾಕ್ಯ ಕಟ್ಟುವ ಅಭ್ಯಾಸ ಅವನಿಗೆ. ಮದುವೆಯಾದ ಒಬ್ಬಾಕೆಯ ಜೊತೆ ಸ್ನೇಹ ಬೆಳೆಯುತ್ತದೆ. ಒಂದು ಸಂಜೆ ಆಕೆ ಅವನ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಅವನು ಸಂಬಂಧ ಕಡಿದುಕೊಳ್ಳುತ್ತಾನೆ. ನಾಲ್ಕು ವರ್ಷದ ನಂತರ ಆಕೆ ರೈಲಿಗೆ ಸಿಕ್ಕಿ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಾನೆ. ಆಗ ಅವನಿಗೆ ಬರುವುದು ದುಃಖವಲ್ಲ, ಹೇವರಿಕೆ. ಇಂಥವಳ ಹತ್ತಿರ ನಾನು ಮನಸ್ಸು ಬಿಚ್ಚಿದೆನಲ್ಲ ಎಂದು ಅವಳ ಮೇಲೇ ಸಿಟ್ಟು. ಆ ಸಿಟ್ಟು ಕರಗಿ, ಸಂಶಯವಾಗಿ, ತಾನು ಅವಳಿಗೆ ಬದುಕನ್ನೇ ಯಾಕೆ ನಿರಾಕರಿಸಿದೆ ಎಂಬ ಪ್ರಶ್ನೆಯಾಗಿ, ಕಡೆಗೆ ತಾನು ಒಂಟಿ ಎಂಬ ಅರಿವಾಗಲು ಜಾಯ್ಸ್ ಒಂದು ಇಡೀ ಸಂಜೆ ಕೊಡುತ್ತಾರೆ. ಪ್ರೀತಿಸುತ್ತಿದ್ದೆ ಎಂಬ ಘೋಷಣೆ ಅಲ್ಲಿ ಬರುವುದೇ ಇಲ್ಲ.

ಇದರ ಜೊತೆ ಒಂದು ಮಾತು ಹೇಳಲೇಬೇಕು. ಈ ಕಥೆಯಲ್ಲೂ, ಹೆನ್ರಿ ಜೇಮ್ಸ್ ಅವರ 1903ರ 'ದ ಬೀಸ್ಟ್ ಇನ್ ದ ಜಂಗಲ್' ನೀಳ್ಗತೆಯಲ್ಲೂ, ಗಂಡಸಿಗೆ ತನ್ನ ಬರಿದು ಬದುಕು ಅರ್ಥವಾಗಲು ಹೆಂಗಸು ಸಾಯಬೇಕಾಗುತ್ತದೆ. ಎರಡೂ ದೊಡ್ಡ ಕೃತಿಗಳು, ನನಗೆ ಗೌರವವಿದೆ. ಆದರೂ ಈ ದಾರಿ ಸವೆದಿದೆ. ನೀವು ಆಕೆಯನ್ನು ಕೊಲ್ಲದೆ ಬರೀ ವರ್ಗ ಮಾಡಿಸಿದ್ದು ಸರಿ. ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಈಗ ಆಕೆ ನಾಯಕನಿಗೆ ಹಿಡಿದ ಕನ್ನಡಿಯಷ್ಟೇ ಆಗಿದ್ದಾಳೆ. ಆಕೆಗೆ ಏನು ಬೇಕಿತ್ತು? ಮೂರು ವರ್ಷದಲ್ಲಿ ಆಕೆಗೆ ಏನು ಅರ್ಥವಾಗಿದೆ? "ಹೋಗಲೋ ಬೇಡವೋ" ಎಂದು ಕೇಳುವಾಗ ಉತ್ತರ ಏನು ಬರುತ್ತದೆ ಎಂದು ಆಕೆಗೆ ಗೊತ್ತಿರಬಹುದು. ಗೊತ್ತಿದ್ದೂ ಒಂದು ಸಲ ಕೇಳಿಬಿಡೋಣ ಎಂದು ಧೈರ್ಯ ಮಾಡಿರಬಹುದು. ಆಕೆಯ ಪೆಟ್ಟಿಗೆ ಆಗಲೇ ಅರ್ಧ ತುಂಬಿದೆ ಎಂಬ ಒಂದು ವಿವರ ಸಾಕು, ಇಡೀ ದೃಶ್ಯದ ತೂಕ ಬದಲಾಗುತ್ತದೆ. ಹಿಂಜರಿಯುವವನ ಎದುರು ನಿಂತವರಿಗೂ ಒಂದು ಮಿತಿ ಇರುತ್ತದೆ, ಸ್ವಾಭಿಮಾನ ಇರುತ್ತದೆ. ಹೊಸ ಊರಿನಲ್ಲಿ ಆಕೆ ಚೆನ್ನಾಗಿಯೇ ಇರಲಿ.

ಹಾಗಾದರೆ ಕಥೆಯನ್ನು ಎಲ್ಲಿ ಮುಗಿಸುವುದು? ಒಂದು ದಾರಿ ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ಆಕೆ ಹೋದ ಮೂರನೇ ವಾರ ಅವನು ಆಕೆ ಒಪ್ಪಿಸಿ ಹೋದ ಕಡತ ತೆರೆಯುತ್ತಾನೆ. ಪಟ್ಟಿಯಲ್ಲಿ ಒಂದು ಪುಟ ಕಾಣುವುದಿಲ್ಲ. ಸಿಟ್ಟು ನೆತ್ತಿಗೇರುತ್ತದೆ. ಎಂಥ ಬೇಜವಾಬ್ದಾರಿ, ಇಷ್ಟು ವರ್ಷ ಕೆಲಸ ಮಾಡಿ ಹೀಗೆ ಒಪ್ಪಿಸುವುದಾ ಎಂದು ಕುದಿಯುತ್ತಾನೆ. ಇದು ಆ ತಪ್ಪು ಭಾವನೆ. ಪುಟ ತಿರುಗಿಸಿದರೆ ಹಿಂಬದಿಯಲ್ಲೇ ಇದೆ, ಆಕೆಯ ಅಚ್ಚುಕಟ್ಟಾದ ಕೈಬರಹದಲ್ಲಿ. ಅವನು ನೋಡುತ್ತಾನೆ. ಆಮೇಲೆ ಫೋನ್ ತೆಗೆದು ಆಕೆಗೆ ಸಂದೇಶ ಕಳಿಸುತ್ತಾನೆ: "ಕಡತದಲ್ಲಿ ಆರನೇ ಪುಟ ಸಿಗುತ್ತಿಲ್ಲ. ಎಲ್ಲಿಟ್ಟಿದ್ದೀರಿ?"

ಇಲ್ಲಿಗೆ ನಿಲ್ಲಿಸಬಹುದು. ತನ್ನ ಕಾರಣಗಳನ್ನೆಲ್ಲ ನಂಬಿಕೊಂಡು ಬಂದ ಮನುಷ್ಯ ಮೊದಲ ಸಲ ತಿಳಿದೂ ತಿಳಿದೂ ಒಂದು ಸುಳ್ಳು ಹೇಳಿದ್ದಾನೆ. ಆ ಸುಳ್ಳಿನಲ್ಲಿ ಅವನ ಸತ್ಯ ಹೊರಗೆ ಬಂದಿದೆ. ಅರಿವಾಯಿತು ಎಂದು ಇನ್ನು ನೀವು ಬರೆಯುವ ಅಗತ್ಯವಿಲ್ಲ. ಆಕೆ ಉತ್ತರಿಸುತ್ತಾಳೋ ಇಲ್ಲವೋ ಎಂಬುದು ನಿಮಗೆ ಬಿಟ್ಟದ್ದು. ನಾನಾದರೆ ಉತ್ತರವನ್ನು ಕೊಡುವುದಿಲ್ಲ.

ತಿದ್ದಿದ ಮೇಲೆ ಅದೇ ಗೆಳೆಯರಿಗೆ ಮತ್ತೆ ಓದಲು ಕೊಡಿ. ಈ ಸಲ ಕಥೆ ಹೇಗಿದೆ ಎಂದು ಕೇಳಬೇಡಿ. ಅವನಿಗೆ ಆಕೆಯ ಮೇಲೆ ಪ್ರೀತಿ ಇದೆ ಎಂದು ನಿಮಗೆ ಯಾವ ಸಾಲಿನಲ್ಲಿ ಗೊತ್ತಾಯಿತು ಎಂದು ಕೇಳಿ, ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಲು ಹೇಳಿ. ಗುರುತುಗಳು ವರ್ಗಾವಣೆಯ ಸುದ್ದಿಗೆ ಮೊದಲೇ, ಬೇರೆ ಬೇರೆ ಕಡೆ ಬಿದ್ದಿದ್ದರೆ ಕಥೆ ಸರಿದಾರಿಯಲ್ಲಿದೆ. ಎಲ್ಲರೂ ಕೊನೆಯ ಪುಟದಲ್ಲೇ ಗುರುತು ಹಾಕಿದ್ದರೆ ಮೊದಲ ಪುಟಗಳಿಗೆ ಹಿಂತಿರುಗಿ, ಅವನ ಕೈಯಲ್ಲಿ ಏನಿದೆ ಎಂದು ಇನ್ನೊಮ್ಮೆ ನೋಡಿ.